ಗಿರಣಿಯಲ್ಲಿ ಉಳಿದ ಡಬ್ಬಿ, ನನ್ನ ಅರಳು ಮರಳು

ನಮ್ಮ ಓಣಿಯ ಗಿರಣಿಯಲ್ಲಿ ಇವತ್ತು ನನ್ನ ಮರ್ಯಾದೆ ನುಣ್ಣಗೆ ಹಿಟ್ಟಾಯಿತು.

ಸೋಮವಾರ 5 ಕೆಜಿ ಜೋಳ ಬೀಸೋಕೆ ಇಟ್ಟು ಬಂದಿದ್ದೆ. ನೆನಪಾದದ್ದು ಗುರುವಾರ, ರೊಟ್ಟಿ ಬಡಿಯೋಕೆ ಕೂತು ಹಿಟ್ಟಿನ ಡಬ್ಬಿ ಹುಡುಕಿದಾಗ. ಓಡಿದೆ. ಗಿರಣಿಯ ಹುಡುಗ ನನ್ನ ಕೈಯಲ್ಲೇ ಐದನೇ ಕ್ಲಾಸ್ ಓದಿದವನು. ಸಾಲಲ್ಲಿದ್ದ ಏಳೆಂಟು ಜನರ ಮುಂದೆ, ಮೋಟರ್ ಸದ್ದನ್ನೂ ಮೀರಿಸಿ, "ನಮ್ಮ ಅಕ್ಕೋರಿಗೆ ಈಗ್ಲೇ ಅರಳು ಮರಳು ಶುರುವಾತ್ ನೋಡ್ರಿ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಸಿಟ್ಟು ಬಂದದ್ದು ಮನೆಗೆ ಬಂದ ಮೇಲೆ. ಈಗೀಗ ಅದೂ ಲೇಟು.

ಅರಳು ಮರಳು ಅರವತ್ತಕ್ಕೆ ಅಂತ ಹಿರಿಯರು ಹೇಳಿದ್ದಾರೆ. ನನಗೆ 49. ಹನ್ನೊಂದು ವರ್ಷ ಮುಂಗಡ ಕೊಟ್ಟುಬಿಟ್ಟನಲ್ಲ ಪುಣ್ಯಾತ್ಮ!

ನಮ್ಮ ಮನೆಯವರ ಕಥೆ ಕೇಳಿ. ಹೋದ ವರ್ಷ ಸ್ಕೂಟರ್ ಮೇಲೆ ಜವಾಹರ್ ರೋಡಿಗೆ ಹೋದವರು ಆಟೋದಲ್ಲಿ ವಾಪಸ್ ಬಂದರು. ಮಾರನೇ ದಿನ ಸ್ಕೂಟರ್ ಕಳುವಾಗಿದೆ ಅಂತ ಸ್ಟೇಷನ್‌ಗೆ ಹೊರಟಿದ್ದರು. ಅವರಿಗೆ ಯಾರಾದರೂ ಅರಳು ಮರಳು ಅಂದರಾ? ಇಲ್ಲ. "ಪಾಪ, ತಲಿಯಾಗ ಎಷ್ಟು ಟೆನ್ಷನ್ ಇರ್ತಾವೋ" ಅಂದರು. ಗಂಡಸು ಮರೆತರೆ ಟೆನ್ಷನ್, ಹೆಂಗಸು ಮರೆತರೆ ತಲೆ ಕೆಟ್ಟಿದೆ. ನನ್ನ ತಕರಾರು ಇಷ್ಟೇ.

ನಗು ಬಾರದ ಮರೆವೂ ಇದೆ. ಜುಲೈಯಲ್ಲಿ ಭಿನ್ನರಾಶಿ ಪಾಠ ಮಾಡ್ತಿದ್ದೆ. ಬೋರ್ಡಿನ ಮೇಲೆ ಮುಕ್ಕಾಲು ಬರೆದೆ. ಮೇಲಿನ 3 ಅಂಶ ಅಂದೆ. ಕೆಳಗಿನ 4ರ ಮೇಲೆ ಚಾಕ್‌ಪೀಸ್ ಇಟ್ಟೆ, ಹೆಸರೇ ಬರಲಿಲ್ಲ. ಇಪ್ಪತ್ನಾಲ್ಕು ವರ್ಷ ಕಲಿಸಿದ ಪದ. "ಇದು... ಕೆಳಗಿಂದು" ಅಂದೆ. ಮುಂದಿನ ಸಾಲಿನ ಹುಡುಗಿ ಮೆತ್ತಗೆ "ಛೇದ ರೀ ಟೀಚರ್" ಅಂದಳು. ಶಭಾಶ್ ಅಂದೆ, ಬೇಕಂತಲೇ ಪರೀಕ್ಷೆ ಮಾಡಿದವಳ ಹಾಗೆ. ಆಮೇಲೆ ಸ್ಟಾಫ್ ರೂಮಿನ ಬಾತ್‌ರೂಮಲ್ಲಿ ನಲ್ಲಿ ಬಿಟ್ಟು ಅತ್ತೆ. 17ರ ಮಗ್ಗಿ ನಿದ್ದೆಗಣ್ಣಲ್ಲೂ ಹೇಳ್ತೀನಿ ಕಣ್ರೀ, ಛೇದ ಯಾಕೆ ಬರಲಿಲ್ಲ?

ಹೆದರಿ ಡಾಕ್ಟರ್ ಹತ್ತಿರ ಹೋದೆ. ಮುಟ್ಟು ನಿಲ್ಲೋ ಹೊತ್ತಲ್ಲಿ ಈಸ್ಟ್ರೋಜನ್ ಏರಿಳಿತ ಆಗಿ ಕೊನೆಗೆ ಇಳಿದುಬಿಡುತ್ತೆ, ಅದು ಗರ್ಭಕೋಶಕ್ಕೆ ಮಾತ್ರ ಅಲ್ಲ, ಮಿದುಳಿಗೂ ಬೇಕು ಅಂದರು ಆಕೆ. ಜೊತೆಗೆ ರಾತ್ರಿ ಮೈ ಕಾದ ಹಂಚಾಗುತ್ತೆ, ಬೆವರಿ ಎದ್ದು ಕೂರ್ತೀವಿ, ನಿದ್ದೆ ಹಾಳು. ನಿದ್ದೆ ಇಲ್ಲದ ತಲೆಯಲ್ಲಿ ಏನು ನಿಲ್ಲುತ್ತೆ? ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ನೋಡಿಸಿದರು, ಅವು ಕೆಟ್ಟರೂ ಮರೆವು ಬರುತ್ತಂತೆ. ನನಗೆ ಬಿ12 ಕಡಿಮೆ ಇತ್ತು. ಮಾಂಸ ಮೊಟ್ಟೆ ತಿನ್ನದ ನಮ್ಮಂಥ ಮನೆಗಳಲ್ಲಿ ಅದು ಮಾಮೂಲಂತೆ. ಗೊತ್ತಿರೋ ದಾರಿಯೇ ತಪ್ಪಿದರೆ, ದಿನಾ ಮಾಡೋ ಕೆಲಸವೇ ತಿಳಿಯದಾದರೆ ತಡಮಾಡದೆ ಬನ್ನಿ, ಪದ ತಡವಾಗೋದಕ್ಕೆ ಹೆದರಬೇಡಿ, ಜಾಸ್ತಿ ಜನಕ್ಕೆ ಬರ್ತಾ ಬರ್ತಾ ಸರಿಹೋಗುತ್ತೆ ಅಂದರು. ಆ ಮಾತಿಗೇ ಅರ್ಧ ವಾಸಿಯಾದೆ.

ಅಂದಹಾಗೆ, ಮುಟ್ಟಾಗದೆ ಒಂದೇ ಸಮ 12 ತಿಂಗಳು ಕಳೆದರೆ ಮಾತ್ರ ಋತುಬಂಧ ಅಂತ ಲೆಕ್ಕ. ನಾನು ಎಂಟರವರೆಗೆ ಬಂದಿದ್ದೆ. ಒಂಬತ್ತನೇ ತಿಂಗಳು, ನಾದಿನಿ ಮಗಳ ಸೀರೆ ಕಾರ್ಯದ ದಿನವೇ, ಮತ್ತೆ ಸೊನ್ನೆ. ಹಾವು ಏಣಿ ಆಟ ಇದು.

ಈಗ ಸಂಜೆ ಗವಿಮಠದ ಕಡೆ ನಡೆದು ಹೋಗ್ತೀನಿ, ಕೆರೆ ಗಾಳಿಗೆ ತಲೆ ತಣ್ಣಗಾಗುತ್ತೆ. ಸಂಜೆ ಚಹಾ ಬಿಟ್ಟೆ. (ಸುಳ್ಳು. ಅರ್ಧ ಕಪ್ ಕುಡೀತೀನಿ.) ಫೋನಲ್ಲಿ ಅಲಾರಂ ಇಟ್ಟರೆ ಅದು ಯಾತಕ್ಕೆ ಹೊಡ್ಕೊಳ್ತಿದೆ ಅಂತ ಗೊತ್ತಾಗಲ್ಲ. ಹಂಗಾಗಿ ಅಜ್ಜಿಯ ಉಪಾಯ: ಸೆರಗಿಗೆ ಗಂಟು. ಮೊನ್ನೆ ಮೂರು ಗಂಟು ಹಾಕ್ಕೊಂಡೆ. ಒಂದು ಮಾತ್ರೆ, ಒಂದು ಹಾಲಿನವನ ಬಾಕಿ. ಮೂರನೇದು ಜೋಳದ್ದೇ ಇತ್ತು ಅಂತ ಇವತ್ತು ಗೊತ್ತಾಯ್ತು.

"ನಮ್ಮ ಅವ್ವ, ಅಜ್ಜಿ ಇದನ್ನೆಲ್ಲ ಊರ ತುಂಬಾ ಹೇಳ್ಕೊಂಡು ತಿರುಗಿದ್ರಾ?" ಅಂತ ಕಮೆಂಟ್ ಹಾಕೋಕೆ ಕೆಲವರು ಬೆರಳು ಮಸೀತಿರ್ತೀರಿ. ಹೇಳಿದ್ರು ಸ್ವಾಮಿ. ನಮ್ಮಜ್ಜಿ ನಡುರಾತ್ರಿ ಎದ್ದು ಹಂಡೆಯ ತಣ್ಣೀರು ಸುರಿದುಕೊಂಡು ಮಾಳಿಗೆ ಮೇಲೆ ಹೋಗಿ ಮಲಗ್ತಿದ್ದಳು. ಇನ್ನು ಹೆಂಗೆ ಹೇಳಬೇಕಿತ್ತು? ಮನೆಯವರು ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸಿದರು.

ನಾನೇನು ಕಮ್ಮಿ ಇಲ್ಲ. ಡಿಗ್ರಿ ಓದೋವಾಗ ನನ್ನವ್ವ ಒಂದೇ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದಳು. ಗೆಳತಿಯರ ಮುಂದೆ "ನಮ್ಮವ್ವಗ ಅರಳು ಮರಳು" ಅಂದು ನಕ್ಕಿದ್ದೆ. ಅವಳಿಗಾಗ 48 ಇರಬೇಕು. ಆ ಹುಡುಗನನ್ನು ಯಾವ ಬಾಯಲ್ಲಿ ಬೈಯಲಿ?

ಈಗಷ್ಟೇ ಅವಳಿಗೆ ಫೋನ್ ಮಾಡಿದೆ. "ಯವ್ವಾ, ನಿನಗ ಮುಟ್ಟು ನಿಲ್ಲುವಾಗ ಭಾಳ ಮರವಿತ್ತೇನು?"

"ಯಾರಿಗ್ ನೆನಪೈತವ್ವಾ ಅದೆಲ್ಲಾ" ಅಂದಳು. "ಊಟ ಆತೇನು?"