ಹಂಚು ಕಾದಿದೆ, ದೋಸೆ ಹುಯ್ಯಬಹುದು

ನಮ್ಮ ಕಾರಿನ ಬಣ್ಣ ಬಿಳಿ. ಹಾಗಂತ ಆರ್‌ಸಿ ಪುಸ್ತಕದಲ್ಲಿದೆ. ಬಳ್ಳಾರಿಯಲ್ಲಿ 12 ವರ್ಷ ಓಡಿ, ಅದಿರಿನ ಧೂಳು ಕೂತೂ ಕೂತೂ ಈಗ ಅದಕ್ಕೆ ಮದುವೆ ಮನೆಯ ಆರತಿ ನೀರಿನ ಬಣ್ಣ ಬಂದಿದೆ.

ನಾನು ಈ ಕಾರಿನ ಹ್ಯಾಂಡ್ ಬ್ರೇಕನ್ನು ಎಳೆಯೋದಿಲ್ಲ, ಬಾವಿಯಿಂದ ಕೊಡ ಸೇದಿದ ಹಾಗೆ ಸೇದುತ್ತೇನೆ. ಅದಕ್ಕೊಂದು ಕಾರಣ ಇದೆ. 3 ವರ್ಷದ ಹಿಂದೆ ಕೋಟೆ ಗುಡ್ಡದ ಬುಡದಲ್ಲಿ ಕಾರು ನಿಲ್ಲಿಸಿ ಒಗ್ಗರಣೆ-ಮಿರ್ಚಿ ತಿನ್ನುತ್ತಿದ್ದೆ. ಎರಡನೇ ಮಿರ್ಚಿ ಕಚ್ಚುವ ಹೊತ್ತಿಗೆ, ಡ್ರೈವರ್ ಇಲ್ಲದ ಒಂದು ಕಾರು ಸುಮ್ನೆ, ಮದುವೆ ಹುಡುಗಿ ನಡೆದ ಹಾಗೆ, ಮಿರ್ಚಿ ಬಂಡಿ ಕಡೆ ಬರೋದು ಕಂಡಿತು. "ಯಾವನಪ್ಪಾ ಇದು, ಬುದ್ಧಿ ಬೇಡ್ವಾ?" ಅಂತ ಮೊದಲು ಬೈದವನು ನಾನೇ. ಬಂಡಿಯವನು ಚಕ್ರದಡಿ ಒಂದು ಕಲ್ಲು ತಳ್ಳಿ ನಿಲ್ಲಿಸಿದ. ಆಮೇಲೆ ನನ್ನ ಕಡೆ ತಿರುಗಿ, "ಇನ್ನೊಂದು ಪ್ಲೇಟ್ ಕೊಡ್ಲಾ, ಸಾರ್?" ಅಂದ. ಆವತ್ತಿನಿಂದ ನಾನು ಎರಡೂ ಕೈಯಲ್ಲಿ ಸೇದೋನು. ನಮ್ಮ ಬೀದಿ ಗೋಲಿ ಇಟ್ಟರೂ ಉರುಳದಷ್ಟು ಸಪಾಟು, ಆದರೂ.

ಗಣೇಶನ ಹಬ್ಬ ಮುಗಿಸಿ 15 ದಿನ ಮಗಳ ಮನೆಗೆ ಮೈಸೂರಿಗೆ ಹೊರಟೆವು. ಹೋಗುವ ದಿನ ಕಾರಿನ ಮೇಲೆ ಪ್ರೀತಿ ಉಕ್ಕಿತು. ಪೈಪ್ ಹಿಡಿದು ಚಕ್ರದ ಸಂದಿ ಸಂದಿಗೂ ನೀರು ಬಿಟ್ಟು ತೊಳೆದೆ. ಒದ್ದೆ ಕಾರಿನಲ್ಲೇ ಕೂತು ಹ್ಯಾಂಡ್ ಬ್ರೇಕ್ ಸೇದಿದೆ. ನಾವು ಅತ್ತ ಹೋದಮೇಲೆ ಇತ್ತ ಮಳೆಯೂ ಚೆನ್ನಾಗಿ ಹುಯ್ದಿತಂತೆ.

ವಾಪಸ್ ಬಂದು ನೋಡಿದರೆ ಕಾರು ಕದಲಲಿಲ್ಲ. ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟರೆ ಹಿಂದಿನ ಕಾಲು ಊರಿಕೊಂಡು ನಿಂತ ಎಮ್ಮೆ. ಪಕ್ಕದ ಮನೆ ಅಂಕಲ್ ಪೇಪರ್ ಮಡಚಿಕೊಂಡು ಬಂದರು. ಅವರಿಗೆ ಕಾರಿನ ವಿಷಯ ಎಲ್ಲಾ ಗೊತ್ತು. ಕಾರು ಮಾತ್ರ ಇಲ್ಲ.

"ಮಾಸ್ಟರ್ ಸಿಲಿಂಡರ್ ಹೋಗಿದೆ" ಅಂದರು. ಬ್ರೇಕ್ ತುಳಿದಾಗ ಆಯಿಲನ್ನು ಚಕ್ರಗಳಿಗೆ ಒತ್ತುವ ಭಾಗ ಅದು. ಹೋದ ತಿಂಗಳು ನಮ್ಮ ಗ್ಯಾಸ್ ಒಲೆ ಕೆಟ್ಟಾಗಲೂ ಅವರು ಸಿಲಿಂಡರ್ ಮೇಲೇ ಅನುಮಾನಪಟ್ಟಿದ್ದರು.

ನಾನು ರಿವರ್ಸ್, ಫಸ್ಟ್, ಮತ್ತೆ ರಿವರ್ಸ್ ಅಂತ ಮೆಲ್ಲಗೆ ಜಗ್ಗಾಡಿದೆ. ಹಿಂದಿನಿಂದ ತೆಂಗಿನಕಾಯಿ ಒಡೆದ ಹಾಗೆ "ಟಪ್" ಅಂತು. ಕಾರು ಹೊರಟಿತು. ಅರ್ಧ ಮೆಕ್ಯಾನಿಕ್ ಆಗಿಬಿಟ್ಟೆ ಅನ್ನೋ ಹೆಮ್ಮೆ ನನಗೆ. ಅದಾದ ಮೇಲೆ ಪೆಟ್ರೋಲ್ ಜಾಸ್ತಿ ಕುಡಿಯೋಕೆ ಶುರುವಾಯಿತು. ನ್ಯೂಟ್ರಲ್‌ಗೆ ತಂದರೆ ಕಾರು ತೇಲುತ್ತಾ ಹೋಗದೆ ಗಕ್ಕನೆ ನಿಲ್ಲುತ್ತಿತ್ತು. "ಬ್ರೇಕ್ ಈಗ ಎಷ್ಟು ಚೆನ್ನಾಗಿದೆ ನೋಡು" ಅಂತ ಹೆಂಡತಿಗೆ ಹೇಳಿದ್ದೂ ಉಂಟು.

ಮುಂದಿನ ಭಾನುವಾರ ತೋರಣಗಲ್ಲಿನಲ್ಲಿ ಒಂದು ಸೀಮಂತ. ಕುಡಿತಿನಿ ಹತ್ತಿರ ಬರುವಾಗ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಆ ದಾರಿಯಲ್ಲಿ ಚಿಮಣಿಗೂ ಬರ ಇಲ್ಲ, ಲಾರಿಗೂ ಬರ ಇಲ್ಲ. ಕಿಟಕಿ ಏರಿಸಿದೆ. ವಾಸನೆ ನಮ್ಮ ಜೊತೆಗೇ ಬಂತು.

"ರೀ, ಇದು ನಮ್ಮದೇ" ಅಂದಳು.

ಬೇವಿನ ಮರದ ನೆರಳಿಗೆ ನಿಲ್ಲಿಸಿದೆ. ಬಲಗಡೆ ಹಿಂದಿನ ಚಕ್ರ ಬೆಚ್ಚಗಿತ್ತು, ಅಷ್ಟೇ. ಎಡಗಡೆಯದರ ಹತ್ತಿರ ಕೈ ಒಯ್ಯೋಕೂ ಆಗಲಿಲ್ಲ. ಅವಳು ಬಾಟಲಿ ತೆಗೆದು, ಬೆರಳು ಅದ್ದಿ, ಚಕ್ರದ ನಡುವಿಗೆ ನಾಲ್ಕು ಹನಿ ಚಿಮುಕಿಸಿದಳು. ಹನಿ ಚೊಯ್ ಅಂತ ಕುಣಿದು ಮಾಯ.

"ಹಂಚು ಕಾದಿದೆ. ದೋಸೆ ಹುಯ್ಯಬಹುದು."

ನಾನು ಇಡೀ ಬಾಟಲಿ ಸುರಿಯೋಕೆ ಹೊರಟೆ. ಅಲ್ಲೇ ಟೀ ಕುಡಿಯುತ್ತಿದ್ದ ಲಾರಿ ಡ್ರೈವರ್ ಕೂಗಿದ: "ಹಾಕಬ್ಯಾಡಿ ಸಾರ್! ಕಾದ ಡ್ರಮ್ಮಿಗೆ ತಣ್ಣೀರು ಬಿದ್ರೆ ಸೀಳ್ತೈತೆ." ಡ್ರಮ್ ಅಂದರೆ ಬ್ರೇಕನ್ನು ಒಳಗಿಟ್ಟುಕೊಂಡು ಚಕ್ರದ ಜೊತೆ ತಿರುಗುವ ಕಬ್ಬಿಣದ ಡಬ್ಬಿ. ಹಂಗೇ ಓಡಿಸಿದರೆ ಬೇರಿಂಗ್ ಗ್ರೀಸ್ ಕರಗುತ್ತೆ, ಬ್ರೇಕ್ ಆಯಿಲ್ ಕುದಿಯುತ್ತೆ ಅಂತಲೂ ಹೆದರಿಸಿದ. ಸೀಮಂತದ ಊಟ ಅಲ್ಲಿಗೆ ಹೋಯಿತು.

ಕೌಲ್ ಬಜಾರಿನಿಂದ ನಮ್ಮ ಮೆಕ್ಯಾನಿಕ್ ಭಾಯ್ ಬೈಕಿನಲ್ಲಿ ಬಂದ, ಹಿಂದೆ ಪಾನಾ ಚೀಲ ಹಿಡಿದ ಒಬ್ಬ ಹುಡುಗ. ಜಾಕಿ ಏರಿಸಿ ಚಕ್ರ ತಿರುಗಿಸಿದ. ತಿರುಗಲಿಲ್ಲ.

"ಮಾಸ್ಟರ್ ಸಿಲಿಂಡರ್ ಇರಬೇಕು" ಅಂದೆ. ಅಂಕಲ್ ಮಾತು ನನ್ನ ಬಾಯಲ್ಲಿ ಬಂದಿತ್ತು.

ಭಾಯ್ ಏನೂ ಅನ್ನಲಿಲ್ಲ. ಚಕ್ರದ ಹಿಂದಿನ ಬ್ಲೀಡರ್ ನಿಪ್ಪಲ್, ಅಂದರೆ ಬ್ರೇಕ್ ಆಯಿಲ್ ಹೊರಬಿಡೋ ತಿರುಪು, ಅರ್ಧ ಸುತ್ತು ಸಡಿಲಿಸಿದ. ಎರಡು ಹನಿ ಆಯಿಲ್ ಬಂತು. ಒತ್ತಡ ಒಳಗೆ ಸಿಕ್ಕಿಕೊಂಡಿದ್ದರೆ ಈಗ ಚಕ್ರ ಬಿಡಬೇಕಿತ್ತಂತೆ. ಹೋಸ್ ಪೈಪೋ ಸಿಲಿಂಡರೋ ಕೆಟ್ಟಿದೆ ಅಂತ ಆಗ ಅರ್ಥ. ಬಿಡಲಿಲ್ಲ. ನಿಪ್ಪಲ್ ಬಿಗಿ ಮಾಡಿ, ಹ್ಯಾಂಡ್ ಬ್ರೇಕಿನ ನಟ್ ಪೂರ್ತಿ ಸಡಿಲ ಮಾಡಿದ. ಆದರೂ ಬಿಡಲಿಲ್ಲ. ಕಾರಿನಡಿ ಅಂಗಾತ ಮಲಗಿ, ಎಡಚಕ್ರದ ಕೇಬಲ್ ತಂತಿಯನ್ನು ಅದರ ಕವಚದೊಳಕ್ಕೆ ದಬ್ಬಿದ. ಚಕ್ರ ಗಿರ್ ಅಂತು.

"ಈ ಕೇಬಲ್‌ಗೆ ಹೋಗೋದು ಗೊತ್ತೈತೆ ಸಾರ್, ವಾಪಸ್ ಬರೋದು ಗೊತ್ತಿಲ್ಲ." ಕವಚದೊಳಗೆ ನೀರು ಇಳಿದು ತಂತಿ ತುಕ್ಕು ಹಿಡಿದಿತ್ತು. ನನ್ನ ಹತ್ತಿರ ಸಾಲ ಪಡೆದ ಇಬ್ಬರು ನೆನಪಾದರು.

ಡ್ರಮ್ ಆರಿದ ಮೇಲೆ ಸುತ್ತಲೂ ಸುತ್ತಿಗೆಯಲ್ಲಿ ತಟ್ಟಿದ. ಅದರ ಮುಖದಲ್ಲಿ ಎರಡು ತೂತು ಇವೆ, ನನಗೆ ಇಷ್ಟು ವರ್ಷ ಅಲಂಕಾರಕ್ಕೆ ಅನ್ನಿಸಿತ್ತು. ಅದಕ್ಕೆ ಎರಡು ಬೋಲ್ಟ್ ಹಾಕಿ, ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪ ತಿರುಗಿಸಿದರೆ ಡ್ರಮ್ ತಾನಾಗಿ ಕಳಚಿ ಬಂತು. ಹುಡುಗ ಒಳಗಿನ ಧೂಳು ಊದೋಕೆ ಕೆನ್ನೆ ಉಬ್ಬಿಸಿದ. "ಊದಬ್ಯಾಡೋ, ಎದೀಗೆ ಹೋಗ್ತದೆ" ಅಂತ ಗದರಿ, ಒದ್ದೆ ಬಟ್ಟೆ ಕೊಟ್ಟು ಒರೆಸಿಸಿದ.

ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಲೈನರ್ ನನ್ನ ಕೈಗಿಟ್ಟ. ಪಾಟಿಯ ಹಾಗೆ ಕಪ್ಪಗೆ, ನುಣ್ಣಗೆ ಹೊಳೆಯುತ್ತಿತ್ತು. ಅದರ ಮೇಲೊಂದು ಮಾಸಿದ ಕೆಂಪು ಗುರುತು. ಡ್ರಮ್ಮಿನ ಒಳಗೂ ಅಂಥದ್ದೇ ಮಾಸಿದ ಕೆಂಪು ಗುರುತು. 15 ದಿನ ಇವೆರಡೂ ಅಪ್ಪಿಕೊಂಡಿದ್ದವು. ನನ್ನ ಆ "ಟಪ್" ಇವನ್ನು ಬಿಡಿಸಿದ್ದು, ಅಷ್ಟೇ. ಕೇಬಲ್ ಮಾತ್ರ ಎಳೆದಲ್ಲೇ ಉಳಿದು, ಲೈನರನ್ನು ಡ್ರಮ್ಮಿಗೆ ಉಜ್ಜಿಸುತ್ತಲೇ ಇತ್ತು.

ಅಲ್ಲೇ ಕೂತು ಯೋಚಿಸಿದೆ. ಡ್ರಮ್ ಎರಕದ ಕಬ್ಬಿಣ. ಸಂಡೂರಿನ ಗುಡ್ಡದಲ್ಲಿರೋದು ಹೆಮಟೈಟ್ ಅದಿರು, ಅಂದರೆ ಕಬ್ಬಿಣ ಮತ್ತು ಆಮ್ಲಜನಕ. ತುಕ್ಕೂ ಅದೇ ಮನೆತನ, ಜೊತೆಗೆ ಒಂದಿಷ್ಟು ನೀರು. ಎಲ್ಲೋ ಅದಿರಾಗಿದ್ದದ್ದು ಕಬ್ಬಿಣವಾಗಿ, ಡ್ರಮ್ಮಾಗಿ, ಬಳ್ಳಾರಿಗೆ ಬಂದು, ನಮ್ಮ ಮನೆ ಮುಂದೆ ನಿಂತು ಮತ್ತೆ ಅದಿರಾಗೋಕೆ ಹೊರಟಿತ್ತು.

"ಹ್ಯಾಂಡ್ ಬ್ರೇಕ್ ಎಷ್ಟು ಟಿಕ್ ಎಳೀತೀರಿ, ಸಾರ್?"

"ಟಿಕ್ ಅನ್ನೋದು ನಿಲ್ಲೋವರೆಗೂ."

ಭಾಯ್ ನನ್ನ ಹೆಂಡತಿಯ ಮುಖ ನೋಡಿದ. ಅವಳು ಬೇವಿನ ಮರ ನೋಡಿದಳು.

ಹೊಸ ಲೈನರ್, ಹೊಸ ಕೇಬಲ್, ಸ್ಪ್ರಿಂಗ್ ಎಲ್ಲಾ ಹಾಕಬೇಕಾಯಿತು. ಡ್ರಮ್ ಉಳಿಯಿತು. ಐದಾರು ಟಿಕ್‌ಗೆ ಹಿಡಿಯೋ ಹಾಗೆ ಹೊಂದಿಸಿಕೊಟ್ಟ. ತೊಳೆದ ಮೇಲೆ ಒಂದು ರೌಂಡ್ ಓಡಿಸಿ, ಎರಡು ಸಲ ಬ್ರೇಕ್ ತುಳಿದು ಡ್ರಮ್ ಒಣಗಿಸಬೇಕಂತೆ. ಜಾಸ್ತಿ ದಿನ ನಿಲ್ಲಿಸೋದಾದರೆ ಹ್ಯಾಂಡ್ ಬ್ರೇಕ್ ಮುಟ್ಟಲೇಬಾರದು. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟರೆ ಸಾಕು.

ದೀಪಾವಳಿಗೆ ಮತ್ತೆ ಮೈಸೂರು. ಒಳ್ಳೇ ಸೈಜುಗಲ್ಲು ಹುಡುಕಿ, ಹಿಂದಿನ ಚಕ್ರಕ್ಕೆ ಮುಂದೊಂದು ಹಿಂದೊಂದು ಒತ್ತಿಟ್ಟು ನೆಮ್ಮದಿಯಾಗಿ ಹೋದೆ. ವಾಪಸ್ ಬಂದು ಸ್ಟಾರ್ಟ್ ಮಾಡಿದರೆ ಅದೇ ಎಮ್ಮೆ. ಫಸ್ಟ್, ರಿವರ್ಸ್, ಮತ್ತೆ ಫಸ್ಟ್. ಅಂಕಲ್ ಪೇಪರ್ ಮಡಚೋದು ಕಂಡಿತು. ಅವರು ಗೇಟು ದಾಟುವ ಮೊದಲೇ ಭಾಯ್‌ಗೆ ಫೋನ್ ಮಾಡಿದೆ.

"ಭಾಯ್, ನೀನು ಹಾಕಿದ ಹೊಸ ಕೇಬಲ್ಲೂ ಜಾಮ್ ಆಗಿದೆ ನೋಡು!"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಕಲ್ಲು ತೆಗೆದ್ರಾ, ಸಾರ್?"