ಚೆನ್ನಾಗಿ ಮಾತಾಡಿದವರಿಗೆ ಜಾಸ್ತಿ ಎಕ್ಸ್‌ಪಿ ಕೊಡುವುದನ್ನು ನಿಲ್ಲಿಸಿ

ನಿನ್ನೆ ರಾತ್ರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಅಂದರೆ ಒಬ್ಬೊಬ್ಬರೂ ಒಂದು ಪಾತ್ರವಾಗಿ ಕೂತು ಆಡುವ ಆಟದ ಸೆಷನ್ ಮುಗಿಸಿ ಬಂದಾಗಿನಿಂದ ಸಿಟ್ಟು ಇಳಿದಿಲ್ಲ. ಆಟ ಚೆನ್ನಾಗಿತ್ತು. ಕೊನೆಗೆ ಎಕ್ಸ್‌ಪಿ, ಅಂದರೆ ಪಾತ್ರವನ್ನು ಮುಂದಿನ ಲೆವೆಲ್‌ಗೆ ಏರಿಸುವ ಅನುಭವದ ಅಂಕ, ಹಂಚಿದ ರೀತಿಯೇ ಎಲ್ಲ ಕೆಡಿಸಿತು.

ನಿಮಗೆ ಗೊತ್ತಲ್ಲ, ನಾನು ಸಾಮಾನ್ಯವಾಗಿ ಡಂಜನ್ ಮಾಸ್ಟರ್ ಆಗಿ, ಅಂದರೆ ಕಥೆ ಹೇಳಿ ತೀರ್ಪು ಕೊಡುವವನಾಗಿ, ಆಟ ನಡೆಸುವವನು. ಈ ಸಲ ಗೆಳೆಯ ನಡೆಸುವ ಕ್ಯಾಂಪೇನ್‌ಗೆ (ಸೆಷನ್‌ನಿಂದ ಸೆಷನ್‌ಗೆ ಮುಂದುವರಿಯುವ ಕಥೆಗೆ) ಆಟಗಾರನಾಗಿ ಸೇರಿದ್ದೇನೆ. 2014ರ ನಿಯಮ, ನಾಲ್ಕು ಜನ ಆಟಗಾರರು. ಹೊಡೆದಾಟದ ಎಕ್ಸ್‌ಪಿ ಎಲ್ಲರಿಗೂ ಸಮಪಾಲು, ಅದರ ಬಗ್ಗೆ ತಕರಾರಿಲ್ಲ. ಆಮೇಲೆ ಅವನು ಇವತ್ತು ಯಾರು ಪಾತ್ರ ಚೆನ್ನಾಗಿ ಮಾಡಿದರು ಅಂತ ತಾನೇ ತೀರ್ಮಾನಿಸಿ ಒಬ್ಬರಿಗೆ 100 ಬೋನಸ್ ಕೊಡುತ್ತಾನೆ. ಅದು ಹೆಚ್ಚು ಕಡಿಮೆ ಯಾವಾಗಲೂ ದನಿ ಬದಲಿಸಿ ಜೋರಾಗಿ ಡೈಲಾಗ್ ಹೇಳುವ ಇಬ್ಬರಲ್ಲಿ ಒಬ್ಬರಿಗೇ ಹೋಗುತ್ತದೆ. ನನಗೂ ಸಿಕ್ಕಿದ್ದುಂಟು, ಹಾಗಾಗಿ ಇದು ಹೊಟ್ಟೆಕಿಚ್ಚಿನ ಮಾತಲ್ಲ.

ಸಿಗದೇ ಇರುವುದು ನಮ್ಮ ಕ್ಲೆರಿಕ್‌ಗೆ, ಅಂದರೆ ಗಾಯ ವಾಸಿಮಾಡುವ ಪುರೋಹಿತರಂಥ ಪಾತ್ರಕ್ಕೆ. ಆ ಪಾತ್ರ ಆಡುವ ಗೆಳತಿ ಮಾತು ಕಮ್ಮಿ. ಆದರೆ ಯಾರ ಹಿಟ್ ಪಾಯಿಂಟ್ (ಉಳಿದಿರುವ ಜೀವಶಕ್ತಿ) ಎಷ್ಟಿದೆ, ಯಾವ ಬಾಗಿಲು ಇನ್ನೂ ತೆರೆದಿಲ್ಲ, ಎರಡು ಸೆಷನ್ ಹಿಂದೆ ಆ ಮುದುಕ ಏನು ಹೇಳಿದ್ದ, ಎಲ್ಲವೂ ಅವಳಿಗೆ ನೆನಪಿರುತ್ತದೆ. ನಮ್ಮ ತಂಡ ಇನ್ನೂ ಬದುಕಿರುವುದೇ ಅವಳಿಂದ. ಒಂದು ವಾರ ಕೆಲಸ ಇತ್ತು ಅಂತ ಬರಲಾಗಲಿಲ್ಲ, ಆ ವಾರದ ಎಕ್ಸ್‌ಪಿ ಪೂರ್ತಿ ಕಟ್. ನಿನ್ನೆ ನಾವು ಮೂವರೂ 6500 ದಾಟಿ ಐದನೇ ಲೆವೆಲ್‌ಗೆ ಹೋದೆವು. ಅವಳು ನಾಲ್ಕರಲ್ಲೇ ಉಳಿದಳು. ಏನೂ ಹೇಳದೆ ಪೆನ್ಸಿಲ್ ಎತ್ತಿಟ್ಟಳು. ನನಗೆ ಸಂಕಟವಾಯಿತು.

100 ಅಂದರೆ ಸಣ್ಣದಲ್ವಾ ಅಂತ ಕೇಳಬೇಡಿ. ಗೋಬ್ಲಿನ್ ಅನ್ನುವ ಸಣ್ಣ ರಾಕ್ಷಸನೊಬ್ಬನನ್ನು ಕೊಂದರೆ 50 ಎಕ್ಸ್‌ಪಿ. ನಾಲ್ಕು ಜನ ಹಂಚಿಕೊಂಡರೆ ತಲೆಗೆ ಹನ್ನೆರಡೂವರೆ. ಎಂಟು ಗೋಬ್ಲಿನ್‌ಗಳ ಜೊತೆ ಜೀವ ಪಣಕ್ಕಿಟ್ಟು ಹೋರಾಡಿದರೆ ಒಬ್ಬೊಬ್ಬರಿಗೆ ಸಿಗುವಷ್ಟನ್ನು ಇವನು ಒಂದು ಚಂದದ ಭಾಷಣಕ್ಕೆ ಕೊಡುತ್ತಿದ್ದಾನೆ.

ನಾಲ್ಕು ಮತ್ತು ಐದನೇ ಲೆವೆಲ್‌ಗಳ ನಡುವಿನ ವ್ಯತ್ಯಾಸವೂ ಸಣ್ಣದಲ್ಲ. ಐದಕ್ಕೆ ಬಂದರೆ ಫೈಟರ್ ಒಂದೇ ಸರದಿಯಲ್ಲಿ ಎರಡು ಸಲ ಹೊಡೆಯಬಹುದು, ವಿಝಾರ್ಡ್‌ಗೆ (ಮಂತ್ರವಾದಿಗೆ) ಫೈರ್‌ಬಾಲ್ ಮಂತ್ರ ಸಿಗುತ್ತದೆ. ಕ್ಲೆರಿಕ್‌ಗೆ ರಿವಿವಿಫೈ ಮಂತ್ರ ಸಿಗುತ್ತದೆ. 300 ಗೋಲ್ಡ್ ಬೆಲೆಯ ವಜ್ರ ಕೈಯಲ್ಲಿದ್ದರೆ, ಸತ್ತು ಒಂದು ನಿಮಿಷ ದಾಟದವರನ್ನು ಮತ್ತೆ ಎಬ್ಬಿಸಬಹುದು. ಅವಳಿಗೆ ಐದನೇ ಲೆವೆಲ್ ತಪ್ಪಿದ್ದಕ್ಕೆ ಅದು ನಮ್ಮ ಯಾರಿಗೂ ಇಲ್ಲ. ನಾಳೆ ಆ ಭಾಷಣ ಮಾಡಿದವನ ಪಾತ್ರವೇ ಸತ್ತರೆ ಎಬ್ಬಿಸುವವರು ಯಾರು?

ಇದನ್ನು ಕೇಳಿದ್ದಕ್ಕೆ ನಮ್ಮ ಮಾಸ್ಟರ್ ಹಳೇ ಕಾಲದ ಮಾತು ತೆಗೆದ. "ಗೈಗ್ಯಾಕ್ಸ್ ಕೂಡ ಆಟಗಾರರಿಗೆ ಮಾರ್ಕ್ಸ್ ಕೊಡ್ತಿದ್ದ ಕಣೋ" ಅಂದ. ನಿಜ, ಈ ಆಟ ಹುಟ್ಟುಹಾಕಿದವರಲ್ಲಿ ಒಬ್ಬನಾದ ಗೈಗ್ಯಾಕ್ಸ್ ಬರೆದ 1979ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಅದಿದೆ. ಆದರೆ ಆ ಮಾರ್ಕ್ಸ್ ಮುಂದಿನ ಲೆವೆಲ್‌ಗೆ ಹೋಗಲು ಎಷ್ಟು ವಾರ ತರಬೇತಿ ಬೇಕು, ಅದಕ್ಕೆ ಎಷ್ಟು ಗೋಲ್ಡ್ ಖರ್ಚು ಅನ್ನುವುದಕ್ಕಾಗಿ ಇತ್ತು. ನೋಡುತ್ತಿದ್ದದ್ದು ಫೈಟರ್ ಫೈಟರ್‌ನಂತೆ ಮುಂದೆ ನಿಂತನಾ, ಕ್ಲೆರಿಕ್ ಕ್ಲೆರಿಕ್‌ನಂತೆ ನಡೆದುಕೊಂಡಳಾ ಅಂತ. ಆ ಲೆಕ್ಕದಲ್ಲಿ ನಮ್ಮ ಕ್ಲೆರಿಕ್‌ಗೇ ಮೊದಲ ಸ್ಥಾನ.

ಇನ್ನೊಂದು ವಿಷಯ ಅವನಿಗೆ ಹೊಳೆದೇ ಇಲ್ಲ. ಹಳೇ ಎಕ್ಸ್‌ಪಿ ಪಟ್ಟಿಗಳಲ್ಲಿ ಹಿಂದೆ ಬಿದ್ದವರು ತಾವಾಗಿಯೇ ಹತ್ತಿರ ಬರುತ್ತಿದ್ದರು. ಇದೇ ಆಟದ 1981ರ ಬೇಸಿಕ್ ಮತ್ತು ಎಕ್ಸ್‌ಪರ್ಟ್ ಸೆಟ್‌ಗಳಲ್ಲಿ ಎರಡರಿಂದ ಆರನೇ ಲೆವೆಲ್‌ವರೆಗೆ ಫೈಟರ್‌ಗೆ ಬೇಕಾದ ಎಕ್ಸ್‌ಪಿ 2000, 4000, 8000, 16000, 32000 ಹೀಗೆ ದುಪ್ಪಟ್ಟಾಗುತ್ತಾ ಹೋಗುತ್ತದೆ. ಅಂದರೆ ನೀವು ಐದರಿಂದ ಆರಕ್ಕೆ ಹೋಗುವಷ್ಟರಲ್ಲಿ, ನಿಮ್ಮಷ್ಟೇ ಎಕ್ಸ್‌ಪಿ ಪಡೆದ ಹೊಸ ಫೈಟರ್ ಒಂದರಿಂದ ಐದಕ್ಕೆ ಬಂದಿರುತ್ತಾನೆ. 2014ರ ಪಟ್ಟಿಯಲ್ಲಿ ಹಾಗಿಲ್ಲ, ಮೇಲೆ ಹೋದಂತೆ ಮೆಟ್ಟಿಲು ದುಪ್ಪಟ್ಟಾಗುವುದಿಲ್ಲ. ಹತ್ತಕ್ಕೆ 64000, ಹನ್ನೊಂದಕ್ಕೆ 85000. ಆ ನಡುವಿನ 21000ದಲ್ಲಿ ಹೊಸಬ ಆರಕ್ಕೆ ಮಾತ್ರ ಬರುತ್ತಾನೆ. ಹಿಂದೆ ಬಿದ್ದವರು ಬಹಳ ಕಾಲ ಹಿಂದೆಯೇ ಇರುತ್ತಾರೆ. ಅಷ್ಟೇ ಅಲ್ಲ, ಆ ಹಳೇ ಆಟದಲ್ಲಿ ಒಂದು ಗೋಲ್ಡ್ ತಂದರೆ ಒಂದು ಎಕ್ಸ್‌ಪಿ, ಒಂದು ಗೋಬ್ಲಿನ್ ಕೊಂದರೆ ಬರೀ ಐದು. ಏನು ಮಾಡಿದರೆ ಏನು ಸಿಗುತ್ತದೆ ಅಂತ ಎಲ್ಲರಿಗೂ ಮೊದಲೇ ಗೊತ್ತಿರುತ್ತಿತ್ತು. ನಿಧಿಯ ಲೆಕ್ಕದಲ್ಲಿ ಮಾಸ್ಟರ್‌ನ ಇಷ್ಟಾನಿಷ್ಟ ಬರುತ್ತಿರಲಿಲ್ಲ.

ನನ್ನ ತಕರಾರು ಇಷ್ಟೇ. ಒಬ್ಬೊಬ್ಬರಿಗೆ ಬೇರೆ ಬೇರೆ ಬೆಳವಣಿಗೆ ಇರಬಾರದು ಅಂತ ನಾನು ಹೇಳುತ್ತಿಲ್ಲ. 1978ರ ರೂನ್‌ಕ್ವೆಸ್ಟ್ ಅನ್ನುವ ಇಂಥದ್ದೇ ಇನ್ನೊಂದು ಆಟದಲ್ಲಿ ಅದೇ ಇದೆ. ಬಳಸಿ ಗೆದ್ದ ಸ್ಕಿಲ್‌ಗೆ ಗುರುತು ಹಾಕಿಕೊಂಡು ಆಮೇಲೆ ಡೈಸ್ ಉರುಳಿಸುತ್ತೀರಿ, ಈಗಿರುವ ಅಂಕಕ್ಕಿಂತ ಮೇಲೆ ಬಿದ್ದರೆ ಸ್ಕಿಲ್ ಬೆಳೆಯುತ್ತದೆ. ಡಂಜನ್ ವರ್ಲ್ಡ್ ಅನ್ನುವ ಮತ್ತೊಂದು ಆಟದಲ್ಲಿ ಎರಡು ಡೈಸ್ ಹಾಕಿ ಒಟ್ಟು ಆರು ಅಥವಾ ಕಮ್ಮಿ ಬಂದರೆ, ಅಂದರೆ ಸೋತರೆ, ಒಂದು ಎಕ್ಸ್‌ಪಿ! ಸೋತವರ ಕೈಗೂ ಏನೋ ಸಿಗುವ ಆ ನಿಯಮ ನನಗೆ ಬಹಳ ಇಷ್ಟ. ಇಲ್ಲೆಲ್ಲ ಗುರುತು ಹಾಕಿಸುವುದು ಆಟವೇ. ನಮ್ಮ ಟೇಬಲ್‌ನಲ್ಲಿ ಮಾತ್ರ ಒಬ್ಬ ಮನುಷ್ಯ ಇನ್ನೊಬ್ಬರ ಸ್ವಭಾವಕ್ಕೆ ಬೆಲೆ ಕಟ್ಟುತ್ತಿದ್ದಾನೆ. ಮಾತು ಬಾರದ್ದು ಆಟ ಬಾರದ್ದಲ್ಲ. ನಾನೂ ಶುರುವಿನಲ್ಲಿ ಬಾಯಿ ಬಿಡದೆ ಮೂಲೆಯಲ್ಲಿ ಕೂರುತ್ತಿದ್ದವನು, ಆಗ ಯಾರಾದರೂ ಹೀಗೆ ಅಂಕ ಕೊಟ್ಟಿದ್ದರೆ ಮತ್ತೆ ಹೋಗುತ್ತಿರಲಿಲ್ಲ.

"ಸೆಷನ್‌ಗೆ ಬಾರದವರಿಗೂ ಕೊಟ್ರೆ ಯಾರು ಬರ್ತಾರೆ?" ಅಂತಾನೆ ನಮ್ಮ ಮಾಸ್ಟರ್. ಬಾರದ ಆಟಗಾರರ ಪಾತ್ರಕ್ಕೂ ಅಷ್ಟೇ ಎಕ್ಸ್‌ಪಿ ಕೊಟ್ಟು ಎಲ್ಲರನ್ನೂ ಒಂದೇ ಲೆವೆಲ್‌ನಲ್ಲಿ ಇಡಬಹುದು ಅಂತ ಅವನದೇ 2014ರ ಪುಸ್ತಕ ಹೇಳುತ್ತದೆ. ನಾವು ಬರುವುದು ಆಡಲಿಕ್ಕೆ, ಹಾಜರಿ ಹಾಕಲಿಕ್ಕಲ್ಲ.

ಚೆನ್ನಾಗಿ ನಟಿಸಿದವರಿಗೆ ಏನಾದರೂ ಕೊಡಲೇಬೇಕು ಅನಿಸಿದರೆ ಅದೇ ನಿಯಮದಲ್ಲಿ ಇನ್‌ಸ್ಪಿರೇಷನ್ ಅನ್ನುವ ಬಹುಮಾನ ಇದೆ. ಬೇಕಾದಾಗ ಖರ್ಚು ಮಾಡಿ ಎರಡು ಡಿ20 (ಇಪ್ಪತ್ತು ಮುಖದ ಡೈಸ್) ಹಾಕಿ ದೊಡ್ಡದನ್ನು ಇಟ್ಟುಕೊಳ್ಳಬಹುದು, ಅಲ್ಲಿಗೆ ಮುಗಿಯಿತು. ಕೂಡಿಡಲೂ ಆಗುವುದಿಲ್ಲ. ಯಾರ ಲೆವೆಲ್‌ಗೂ ಅದರಿಂದ ಪೆಟ್ಟಿಲ್ಲ.

ಇದನ್ನು ಅವನೂ ಓದುತ್ತಾನೆ, ಓದಲಿ. ಮುಂದಿನ ಸೆಷನ್‌ಗೆ ಮೊದಲೇ ನಮ್ಮ ಕ್ಲೆರಿಕ್‌ನ ಐದಕ್ಕೆ ಏರಿಸು ಮಾರಾಯ, ಆ ಬೋನಸ್ ಇವತ್ತಿಗೇ ಬಿಡು. ವಜ್ರದ ದುಡ್ಡು ನನ್ನ ಫೈಟರ್ ಕೊಡುತ್ತಾನೆ.