ಎರಡೇ ದೇಶಗಳ ಆಟವೇ?

ಮಹಿಳಾ ಐಸ್ ಹಾಕಿ ಎಂದರೆ ಕೆನಡಾ ಮತ್ತು ಅಮೆರಿಕ ಮಾತ್ರ, ಉಳಿದವರು ಲೆಕ್ಕ ಭರ್ತಿಗೆ ಎಂದು ಲೇಖನವೊಂದರಲ್ಲಿ ಲೇಖಕರೊಬ್ಬರು ಬರೆದಿದ್ದಾರೆ. ಪದಕಪಟ್ಟಿಯನ್ನಷ್ಟೇ ನೋಡಿದರೆ ಹಾಗೆ ಕಾಣುವುದು ಸಹಜ. 2008ರಲ್ಲಿ ಒಲಿಂಪಿಕ್ ಅರ್ಹತಾ ಪಂದ್ಯವೊಂದರಲ್ಲಿ ಸ್ಲೊವಾಕಿಯಾ ಬಲ್ಗೇರಿಯಾವನ್ನು 82–0ರಿಂದ ಸೋಲಿಸಿತ್ತು. ತಂಡಗಳ ನಡುವೆ ಅಂತರ ಅಷ್ಟಿರುವುದನ್ನು ನಾನೂ ಅಲ್ಲಗಳೆಯುವುದಿಲ್ಲ.

ಆದರೆ ಫಿನ್ಲೆಂಡಿನ ಎಸ್ಪೊ ನಗರದಲ್ಲಿ ನಡೆದ 2019ರ ವಿಶ್ವ ಚಾಂಪಿಯನ್‌ಷಿಪ್ ಫೈನಲ್ ಅನ್ನು ಲೇಖಕರು ಮರೆತರೇ? ತವರಿನಲ್ಲಿ ಆಡುತ್ತಿದ್ದ ಫಿನ್ಲೆಂಡ್ ಸೆಮಿಫೈನಲ್‌ನಲ್ಲಿ ಕೆನಡಾವನ್ನೇ ಸೋಲಿಸಿತ್ತು. ಫೈನಲ್‌ನ ಹೆಚ್ಚುವರಿ ಅವಧಿಯಲ್ಲಿ ಅಮೆರಿಕದ ವಿರುದ್ಧ ಫಿನ್ಲೆಂಡಿನ ಪೆಟ್ರಾ ನಿಯೆಮಿನೆನ್ ಪಕ್ (ಆಟದ ರಬ್ಬರ್ ಬಿಲ್ಲೆ) ಅನ್ನು ಬಲೆಗೆ ಸೇರಿಸಿದರು. ಕೋಲು, ಕೈಗವಸುಗಳೆಲ್ಲ ಮಂಜಿನ ಮೇಲೆ ಚೆಲ್ಲಾಪಿಲ್ಲಿ; ಆಟಗಾರ್ತಿಯರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ಅಷ್ಟರಲ್ಲಿ ವಿಡಿಯೊ ಪರಿಶೀಲನೆ. ಮುಗಿಯುವ ಲಕ್ಷಣವೇ ಇರಲಿಲ್ಲ. ಕೊನೆಗೆ ಅಮೆರಿಕದ ಗೋಲ್‌ಕೀಪರ್‌ಗೆ ಅಡ್ಡಿಯಾಗಿದೆ ಎಂದು ಗೋಲು ರದ್ದಾಯಿತು. ಎಸೆದ ಕೈಗವಸುಗಳನ್ನು ಮತ್ತೆ ತೊಟ್ಟು ಆಡಬೇಕಾಯಿತು, ಶೂಟೌಟ್‌ನಲ್ಲಿ ಅಮೆರಿಕ ಗೆದ್ದಿತು. ಆದರೆ ಆ ಗೋಲ್‌ಕೀಪರ್ ತನ್ನ ಜಾಗದಿಂದ ಸಾಕಷ್ಟು ಮುಂದೆ ಬಂದಿದ್ದರು. ಆ ತೀರ್ಪು ನನಗೆ ಇಂದಿಗೂ ಜೀರ್ಣವಾಗಿಲ್ಲ.

2006ರ ಟ್ಯೂರಿನ್ ಒಲಿಂಪಿಕ್ಸ್‌ನಲ್ಲಿ ಸ್ವೀಡನ್ನಿನ ಹತ್ತೊಂಬತ್ತರ ಹುಡುಗಿ ಕಿಮ್ ಮಾರ್ಟಿನ್ ಗೋಲಿನ ಮುಂದೆ ಗೋಡೆಯಂತೆ ನಿಂತು ಅಮೆರಿಕವನ್ನು ಫೈನಲ್‌ನಿಂದ ಹೊರಗಿಟ್ಟದ್ದೂ ಇದೇ ಆಟದಲ್ಲಿ.

ಇನ್ನು, ಕೆನಡಾ–ಅಮೆರಿಕ ಫೈನಲ್ ಬೇಸರ ಎನ್ನುವವರು 2014ರ ಸೋಚಿ ಒಲಿಂಪಿಕ್ಸ್ ಫೈನಲ್ ಪಂದ್ಯವನ್ನು ಹುಡುಕಿ ನೋಡಲಿ. ಹಿನ್ನಡೆಯಲ್ಲಿದ್ದ ಕೆನಡಾ ಒಬ್ಬ ಆಟಗಾರ್ತಿಯನ್ನು ಹೆಚ್ಚಾಗಿ ಇಳಿಸಲು ಗೋಲ್‌ಕೀಪರ್ ಅನ್ನು ಹೊರಗೆ ಕರೆಸಿ ಗೋಲು ಖಾಲಿ ಇದ್ದಾಗ ಅಮೆರಿಕ ಹೊಡೆದ ಪಕ್ ಕಂಬಕ್ಕೆ ಬಡಿಯಿತು. 55 ಸೆಕೆಂಡ್ ಉಳಿದಿರುವಾಗ ಕೆನಡಾದ ಮರಿ-ಫಿಲಿಪ್ ಪುಲೆನ್ ಸಮ ಮಾಡಿದರು, ಹೆಚ್ಚುವರಿ ಅವಧಿಯಲ್ಲಿ ಅವರೇ ಗೆಲ್ಲಿಸಿದರು.